ಪುಡಿ ಕೋಣೆಯ ಗಂಡಸರು

"ಏನೋ ಬೀಜ ಒಡೆದ ಹೋರಿ, ಒಂದು ಡ್ರಮ್ ಎತ್ತೋಕೆ ಹಿಂಗೆ ಏದುಸಿರು ಬಿಡ್ತೀಯಲ್ಲ! ಮೀಸೇನ ಹೆಂಡ್ತಿಗೆ ಕೊಟ್ಟು ಬಂದ್ಯಾ, ಬೋಳಿಮಗನೆ?"

ಮೇಸ್ತ್ರಿ ನಕ್ಕ. ಅವನು ನಕ್ಕ ಮೇಲೆ ಉಳಿದವರು ನಗದಿದ್ದರೆ ಕೆಲಸ ಉಳಿದೀತೇ? ಹುಳದ ಔಷಧಿಯ ಪುಡಿ ಕಲಸುವ ಆ ಕೋಣೆಯಲ್ಲಿ ಎಲ್ಲರೂ ನಕ್ಕರು. ಇಲ್ಲಿ ಮಾಸ್ಕು ಕೊಡುವುದು ತಪಾಸಣೆಯವರು ಬಂದ ದಿನ ಮಾತ್ರ. ವಾಪಸು ಹೊರಟ ಅವರ ಜೀಪು ಗೇಟು ದಾಟುತ್ತಲೇ ಬಿಚ್ಚಿಸಿಕೊಂಡು ಬೀರುವಿಗೆ ಬೀಗ ಜಡಿಯುತ್ತಾರೆ. ಉಳಿದ ದಿನ ಮೂಗಿಗೆ ಅಂಗಿಯ ತೋಳೇ ಗತಿ.

ಬೈಸಿಕೊಂಡ ಪುಡಿ ಕಲಸುವವ ಡ್ರಮ್ಮಿಗೆ ಒರಗಿ ನಿಂತ. ಮೀಸೆ ಉದುರಿದ್ದು ನಿಜವೇ. ರಟ್ಟೆ ಕರಗಿತ್ತು, ಎದೆ ಹೆಂಗಸರದರಂತೆ ಮೆತ್ತಗಾಗಿತ್ತು. ರಾತ್ರಿ ಹೆಂಡತಿಯ ಕೈ ತಾಕಿದರೆ ಗೋಡೆಗೆ ಮುಖ ಮಾಡಿ ಸುಳ್ಳು ಗೊರಕೆ ಹೊಡೆಯುತ್ತಿದ್ದ. ನಾಚಿಕೆಯಿಂದ ಸತ್ತರೂ ಸಾಕೆನಿಸುತ್ತಿತ್ತು.

ಮಧ್ಯಾಹ್ನ ಕಂಪನಿಯ ಡಾಕ್ಟರು ಕರೆಸಿ, ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ರಕ್ತದಲ್ಲಿ ಗಂಡಸಿನ ಹಾರ್ಮೋನು ಪಾತಾಳಕ್ಕೆ ಇಳಿದಿದೆಯಪ್ಪ. ಆ ಪುಡಿಯಿಂದ್ಲೇ ಇರಬಹುದು. ಮಗು ಆಗೋದು ಕಷ್ಟ."

"ಅದನ್ನೇ ಮ್ಯಾನೇಜರಿಗೆ ಹೇಳಿ ಸಾರ್."

"ನನಗೂ ಮಕ್ಕಳಿದ್ದಾರೆ ಮಾರಾಯ. ಸಿಗರೇಟು ಬಿಡು, ಸರಿಹೋಗುತ್ತೆ."

ಅವನು ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ.

ಸಂಜೆ ಮನೆಗೆ ಬಂದರೆ ಹೆಂಡತಿಯ ಬಟ್ಟೆಯ ಗಂಟು ಹೊಸ್ತಿಲಲ್ಲಿತ್ತು.

"ಬಂಜೇನ ಇನ್ನೆಷ್ಟು ದಿನ ಸಾಕೋದು?" ಎಂದಳು ತಾಯಿ. "ನಾಳೆ ಅವಳ ಅಣ್ಣ ಬಂದು ಕರ್ಕೊಂಡು ಹೋಗ್ತಾನೆ. ನಿನಗೆ ಬೇರೆ ಹೆಣ್ಣು ನೋಡಿದೀನಿ."

"ಅಮ್ಮಾ, ಕೊರತೆ ಅವಳದ್ದಲ್ಲ, ನಂದು. ಡಾಕ್ಟರೇ ಹೇಳಿದ್ರು."

ತಾಯಿ ಓಡಿಬಂದು ಅವನ ಬಾಯಿ ಮುಚ್ಚಿದಳು. "ಥೂ, ಮೆಲ್ಲಗೆ! ಗೋಡೆಗೂ ಕಿವಿ ಇರ್ತವೆ. ಗಂಡಸಿನ ಮಾನ ಹೋದ್ರೆ ಮತ್ತೆ ಬರುತ್ತೇನೋ? ಅವಳು ಹೋಗ್ಲಿ, ನೀನು ಸುಮ್ನಿರು."

ಹೆಂಡತಿ ಅಳಲಿಲ್ಲ. "ಮುಂದೆ ಬರೋಳಿಗಾದ್ರೂ ಮೊದಲೇ ಹೇಳಿಬಿಡಿ," ಎಂದಳು.

ಅವನು ಹೊಸ್ತಿಲ ಮೇಲಿನ ಗಂಟು ದಾಟಿ ನಡೆದ. ಹೊರಗೆ ನಲ್ಲಿಯ ಮುಂದೆ ಕಾರ್ಖಾನೆಯ ಲೈನು ಮನೆಗಳವರೆಲ್ಲ ಬಕೆಟ್ ಹಿಡಿದು ಸಾಲು ನಿಂತಿದ್ದರು. ಸೀದಾ ಹೋಗಿ ಕಟ್ಟೆ ಹತ್ತಿದ.

"ಕೇಳ್ರೋ! ಬಂಜೆ ಅವಳಲ್ಲ, ನಾನು! ಆ ಪುಡಿ ನನ್ನ ಗಂಡಸ್ತನ ತಿಂದುಹಾಕಿದೆ. ನಿಮ್ಮದೆಷ್ಟು ಉಳಿದಿದೆ, ಹೇಳ್ರೋ ಸೂಳೆಮಕ್ಕಳಾ!"

ಯಾರೋ ಕಿಸಕ್ಕೆಂದರು. ಪುಡಿ ಕೋಣೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡಿದರು. ಬಕೆಟ್ ತುಂಬಿ ನೀರು ಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಸಾಲಿನ ನಡುವೆ ನಿಂತಿದ್ದ ಒಬ್ಬಳು ತನ್ನ ಬಕೆಟ್ ಕೆಳಗಿಟ್ಟಳು. ಪಕ್ಕದಲ್ಲಿ ನೆಲ ನೋಡುತ್ತಿದ್ದ ಗಂಡನ ಕೊರಳಪಟ್ಟಿ ಹಿಡಿದು ಕಟ್ಟೆಯ ಕಡೆಗೆ ನೂಕಿದಳು.

"ಹತ್ತು. ನೀನೂ ಹೇಳು."