ಕೆಂಡ ಮುಚ್ಚುವ ಕೆಲಸ

"ಆ ಸುಟ್ಟ ಕೈ ತೋರಿಸ್ಕೊಂಡು ಗಿರಾಕಿಗಳ ಮುಂದೆ ನಿಂತ್ರೆ ತಿಂದಿದ್ದೂ ವಾಪಸ್ ಬರುತ್ತೆ. ಹಿಂದೆ ಹೋಗೇ," ಎಂದು ಮ್ಯಾನೇಜರು ಕೆಂಡಕ್ಕನ ತಲೆಗೆ ಕಟ್ಟಿದ್ದ ನೀಲಿ ಪಟ್ಟಿಯನ್ನು ಕಿತ್ತುಕೊಂಡ.

ಆ ಪಟ್ಟಿ ಕಟ್ಟಿದವರು ಜಪಾನಿನಿಂದ ಬಂದಿದ್ದ ಮೇಷ್ಟ್ರು. ಕೆಂಡದ ಮೇಲೆ ಮಾಂಸ ಸುಡುವುದರಲ್ಲಿ ಅಲ್ಲಿ ಭಾರಿ ಹೆಸರು ಮಾಡಿದ ಹೋಟೆಲಂತೆ, ಹೊರದೇಶದಲ್ಲಿ ಅದರ ಮೊದಲ ಶಾಖೆಯಂತೆ ಇದು. ಒಂದು ತಟ್ಟೆಯ ಬೆಲೆ ಕೇಳಿದರೆ ನಮ್ಮಂಥವರಿಗೆ ಹಸಿವೇ ಇಂಗಿ ಹೋಗಬೇಕು. ಮೇಷ್ಟ್ರು ಆರು ತಿಂಗಳು ಇಲ್ಲೇ ಇದ್ದು, ಇದ್ದಿಲು ಹೊತ್ತಿಸುವುದನ್ನು ಹತ್ತು ಗಂಡಸರಿಗೆ ಕಲಿಸಲು ಹೋಗಿ ಸುಸ್ತಾಗಿದ್ದರು. ಹಡಗಿನಲ್ಲಿ ಬಂದ ಆ ಇದ್ದಿಲು ಬಡಿದರೆ ಕಬ್ಬಿಣದ ಹಾಗೆ ಠಣ್ಣೆನ್ನುತ್ತದೆ. ಕೆಂಡವಾಗಲು ಎರಡು ಗಂಟೆ ಬೇಕು, ಅವಸರ ಮಾಡಿದರೆ ಸಿಡಿದು ಮುಖಕ್ಕೇ ಹಾರುತ್ತದೆ. ನೆಲ ಒರೆಸುತ್ತಿದ್ದ ಇವಳು ಒಂದು ದಿನ ನೋಡಲಾರದೆ ಇಕ್ಕಳ ಕೈಗೆತ್ತಿಕೊಂಡಳು. ಅಂದಿನಿಂದ ಎಲ್ಲರಿಗೂ ಕೆಂಡಕ್ಕ. ಮೊಣಕೈವರೆಗೆ ಬೊಬ್ಬೆ ಎದ್ದು, ಒಣಗಿ, ಮತ್ತೆ ಎದ್ದವು. ಊರಿಗೆ ಹೊರಡುವ ದಿನ ಮೇಷ್ಟ್ರು ತಮ್ಮ ಕೈಯಾರೆ ಪಟ್ಟಿ ಕಟ್ಟಿ, ಗಿರಾಕಿಗಳ ಮುಂದಿನ ಒಲೆ ಇವಳದು ಎಂದು ಎಲ್ಲರೆದುರು ದುಭಾಷಿಯಿಂದ ಹೇಳಿಸಿದ್ದರು. ಆಯುಷ್ಯವೆಲ್ಲ ಹಿಂಬಾಗಿಲಲ್ಲೇ ಓಡಾಡಿದವಳಿಗೆ ನಾಲ್ಕು ಜನರ ಮುಂದೆ ನಿಲ್ಲುವ ಜಾಗ ಅಂತ ಸಿಕ್ಕಿದ್ದು ಅದೊಂದೇ.

ಈಗ ಪಟ್ಟಿ ಒಬ್ಬ ಚೆಲುವನ ತಲೆಗೇರಿತು. ಬಟ್ಟೆ ಅಂಗಡಿಯ ಜಾಹೀರಾತಿನಲ್ಲಿ ಹಲ್ಲು ಕಿರಿಯುತ್ತಿದ್ದವನು, ಬೆಂಕಿಕಡ್ಡಿ ಗೀರಿದರೂ ಕಣ್ಣು ಮುಚ್ಚುವ ಗಂಡು. ಕೆಂಡಕ್ಕ ಕೆಂಡ ಮಾಡಿ ಒಲೆಗೆ ತುಂಬಿ ಪರದೆಯ ಹಿಂದೆ ಸರಿಯಬೇಕು, ಇವನು ಬೀಸಣಿಗೆ ಆಡಿಸಬೇಕು ಎಂದು ಹುಕುಂ ಆಯಿತು.

ಹಿಂದೆ ಪಾತ್ರೆ ತೊಳೆಯುತ್ತಿದ್ದ ನಾದಿನಿ ಮೆಲ್ಲಗೆ, "ಹೋಗ್ಲಿ ಬಿಡಿ ಅತ್ತಿಗೆ. ಕೆಲಸ ಉಳಿದ್ರೆ ಸಾಕು," ಎಂದಳು.

"ಬಿಟ್ಟೂ ಬಿಟ್ಟೂ ಇಲ್ಲಿಗೆ ಬಂದಿದ್ದೀವಲ್ಲೇ. ಇನ್ನೂ ಹಿಂದೆ ಹೋದ್ರೆ ಗೋಡೆ."

ಮಧ್ಯಾಹ್ನ ದೊಡ್ಡ ಮನುಷ್ಯರೆಲ್ಲ ಬಂದು ಒಲೆಯ ಸುತ್ತ ಕುಳಿತರು. ಕೆಂಡ ನಿಗಿನಿಗಿ ಉರಿಯುತ್ತಿತ್ತು. ಹೋಟೆಲಿನ ಸಾಹುಕಾರ ಎದ್ದು ನಿಂತು, ಚೆಲುವನ ಬೆನ್ನು ತಟ್ಟಿ, ಇದು ಜಪಾನಿನಲ್ಲಿ ಹನ್ನೆರಡು ವರ್ಷ ಪಳಗಿದ ಕೈ ಎಂದು ನಾಲಿಗೆ ತಡವರಿಸದೆ ಹೇಳಿದ. ಸೆಂಟು ಬಳಿದುಕೊಂಡ ಹೆಂಗಸೊಬ್ಬಳು ಆ ಕೈ ಹಿಡಿದು ನೋಡಿ, ಹನ್ನೆರಡು ವರ್ಷದಲ್ಲಿ ಒಂದು ಕಲೆಯೂ ಆಗಿಲ್ಲವಲ್ಲ ಎಂದು ಬೆರಗಾದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆಯ ಹಿಂದಿದ್ದ ಕೆಂಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಬೂದಿ ತುಂಬಿದ ಹಂಡೆಯನ್ನು ಎತ್ತಿಕೊಂಡು ಪರದೆ ಸರಿಸಿ ಮುಂದೆ ಬಂದಳು. ಹಂಡೆ ಕೆಳಗಿಟ್ಟು, ಮೇಷ್ಟ್ರು ಕಲಿಸಿದಂತೆ ಬಗ್ಗಿ ನಮಸ್ಕರಿಸಿ, ಇಕ್ಕಳದಲ್ಲಿ ಒಂದೊಂದೇ ಕೆಂಡ ತೆಗೆದು ಬೂದಿಯೊಳಗೆ ಹೂಳತೊಡಗಿದಳು. ದಿನವೂ ಅಂಗಡಿ ಮುಚ್ಚುವಾಗ ಮಾಡುವ ಕೆಲಸವೇ. ಇದೂ ಅಲ್ಲಿಯ ಯಾವುದೋ ಶಾಸ್ತ್ರವಿರಬೇಕು ಎಂದುಕೊಂಡ ದೊಡ್ಡ ಮನುಷ್ಯರು ಫೋನು ಹಿಡಿದು ವಿಡಿಯೋ ಮಾಡಿದರು. ಚೆಲುವ ಭಕ್ತಿಯಿಂದ ದಾರಿ ಬಿಟ್ಟ.

ಮ್ಯಾನೇಜರು ಓಡಿಬಂದ. ಗಿರಾಕಿಗಳ ಕಡೆ ನಗುತ್ತಲೇ ಹಲ್ಲು ಕಚ್ಚಿ, "ಏನ್ ಮಾಡ್ತಿದ್ದೀಯೇ ಮುಂಡೆ?" ಎಂದ.

"ಕೆಂಡ ಮುಚ್ತಾ ಇದ್ದೀನಿ ಸಾರ್. ನನ್ ಕೆಲಸ ಅಲ್ವಾ?" ಕೊನೆಯ ಕೆಂಡವನ್ನೂ ಹೂತು ಮುಚ್ಚಳ ಹಾಕಿ, ಅವನಿಗಷ್ಟೇ ಕೇಳುವಂತೆ ಹೇಳಿದಳು. "ಹನ್ನೆರಡು ವರ್ಷ ಪಳಗಿದ ಕೈ ಇದೆಯಲ್ಲ. ಆ ಬೋಳಿಮಗ ಹೊತ್ತಿಸ್ಲಿ."

ಚೆಲುವ ಬೆವರುತ್ತಿದ್ದ. ಅವಳು ಕೈ ಚಾಚಿದಾಗ ಪಟ್ಟಿಯನ್ನು ತಾನೇ ಬಿಚ್ಚಿ ಕೊಟ್ಟ. ಅದನ್ನು ತಲೆಗೆ ಕಟ್ಟಿಕೊಂಡು ಕೆಂಡಕ್ಕ ಮೇಜುಗಳ ನಡುವೆಯೇ ನಡೆದು ಮುಂಬಾಗಿಲಿನಿಂದ ಹೊರಬಿದ್ದಳು. ಒದ್ದೆ ಕೈ ಒರೆಸಿಕೊಳ್ಳುತ್ತ ನಾದಿನಿ ಹಿಂದೆಯೇ ಬಂದಳು. ಗಾಜಿನಾಚೆ ಮತ್ತೆ ಚಪ್ಪಾಳೆ ಶುರುವಾಗಿತ್ತು. ಚೆಲುವ ಮಾಂಸದ ತೆಳು ಚೂರೊಂದನ್ನು ಒಲೆಯ ಸರಳಿನ ಮೇಲೆ ಹರಡಿದ. ಅದು ಸದ್ದಿಲ್ಲದೆ, ಕೆಂಪಗೆ, ಹಸಿಯಾಗಿಯೇ ಬಿದ್ದಿತ್ತು.