ಬದಿಗೆ ಹೋಗಿ, ಬೀಳ್ತದೆ

ನಿವೃತ್ತ ಹವಾಲ್ದಾರ್ ಹರಿನಾಥನಿಗೆ ಸನ್ಮಾನ ಮಾಡುವುದೆಂದು ಮುಳ್ಳೇರಿಯದ ಶಾಲೆಯವರು ನಿಶ್ಚಯಿಸಿದರು. ನಮ್ಮ ಕಡೆ ಸನ್ಮಾನಕ್ಕೆ ಶಾಲು, ಹಣ್ಣಿನ ಬುಟ್ಟಿ ಸಾಲದು. ಚೌಕಟ್ಟು ಹಾಕಿದ ಸನ್ಮಾನಪತ್ರ ಬೇಕು, ಅದನ್ನು ಗಟ್ಟಿಯಾಗಿ ಓದುವವರೂ ಬೇಕು. ಬರೆಯುವವರಂತೂ ಧಾರಾಳಿಗಳು. ಸೌಮ್ಯಶ್ರೀ ಟೀಚರ್ ತೋರಿಸಿದ ಕರಡಿನಲ್ಲಿ 'ಸಿಂಹದಂತೆ ರಣಘೋಷ ಮೊಳಗಿಸುತ್ತ ಶಿಖರವೇರಿದ ವೀರ' ಎಂದಿತ್ತು. ಹರಿನಾಥ ಅಲ್ಲಿಂದ ಮುಂದೆ ಓದಲಿಲ್ಲ.

ಅವನು ಕೂಗಿದ್ದು ನಿಜ. ಸೇನೆಗೆ ಸೇರುವ ಮೊದಲು ಅವನು ಅಡಿಕೆ ಮರ ಹತ್ತುತ್ತಿದ್ದವನು. ಕಾರ್ಗಿಲಿನಲ್ಲಿ ಮಂಜು ಕವಿದ ಆ ಬೆಳಗ್ಗೆ ಕಡಿದಾದ ಬಂಡೆಯನ್ನು ಸದ್ದಿಲ್ಲದೆ ಮೊದಲು ಹತ್ತಿದವನೂ ಅವನೇ. ಶತ್ರುಗಳ ಬಂಕರಿಗೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಕಾಲಡಿಯ ಕಲ್ಲೊಂದು ಜಾರಿತು. ಗೊನೆ ಬೀಳಿಸುವ ಮೊದಲು ಕೆಳಗಿದ್ದವರನ್ನು ಎಚ್ಚರಿಸುವುದು ಮರ ಹತ್ತುವವರ ಕ್ರಮ. ಬುದ್ಧಿ ತಡೆಯುವ ಮೊದಲೇ ಬಾಯಿ ಕೂಗಿಬಿಟ್ಟಿತು: "ಬದಿಗೆ ಹೋಗಿ, ಬೀಳ್ತದೆ!"

ಮೇಲಿದ್ದವರಿಗೆ ಅಷ್ಟು ಸಾಕಾಯಿತು. ಗುಂಡು ಹಾರಿತು. ಭುಜಕ್ಕೆ ಪೆಟ್ಟು ಬಿದ್ದರೂ ಹರಿನಾಥ ನಿಲ್ಲದೆ ನುಗ್ಗಿ, ಎರಡು ಗ್ರೆನೇಡ್ ಎಸೆದು ಬಂಕರನ್ನು ಸುಮ್ಮನಾಗಿಸಿದ. ಅವನಿಗೆ ಪದಕ ಬಂತು. ಅವನ ಕೆಳಗೆ ಹತ್ತುತ್ತಿದ್ದ ಗೆಳೆಯ, ಬಂದ್ಯೋಡು ಊರಿನ ತಂಸೀರನ ಎಡಗಾಲು ಆ ಗುಂಡಿಗೆ ಹೋಯಿತು.

ಆ ಕೂಗಿನ ವಿಷಯವನ್ನು ಹರಿನಾಥ ಯಾರಲ್ಲೂ ಬಾಯಿ ಬಿಡಲಿಲ್ಲ. ಪ್ರತಿ ವರ್ಷ ಪೆರ್ನಾಲ್ ಹಬ್ಬಕ್ಕೆ ತಂಸೀರನ ಮನೆಯಲ್ಲಿ ಬಿರಿಯಾನಿ ಉಂಡ. ಒಂದು ತುತ್ತೂ ನೆಮ್ಮದಿಯಾಗಿ ಗಂಟಲಿಳಿಯಲಿಲ್ಲ.

ಟೀಚರ್ ಕರಡು ತೋರಿಸಿದ ಮರುದಿನ ಅದನ್ನು ಕಿಸೆಗೆ ಹಾಕಿಕೊಂಡು ಬಂದ್ಯೋಡಿಗೆ ಹೋದ. ತಂಸೀರ್ ತನ್ನ ಅಂಗಡಿಯಲ್ಲಿ ಕೊಡೆಯ ಕಡ್ಡಿ ಸರಿಮಾಡುತ್ತಿದ್ದ. ಹರಿನಾಥ ಕೂತುಕೊಳ್ಳಲೂ ಇಲ್ಲ. ಜಾರಿದ ಕಲ್ಲಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಕೊನೆಗೆ, "ನಿನ್ನ ಕಾಲು ತೆಗೆದದ್ದು ನಾನು" ಎಂದ.

ತಂಸೀರ್ ಕೊಡೆ ಕೆಳಗಿಟ್ಟ.

"ಗೊತ್ತುಂಟು. ಆ ಬೆಟ್ಟದಲ್ಲಿ ಕನ್ನಡದಲ್ಲಿ ಕೂಗುವವ ಬೇರೆ ಯಾರಿದ್ದ ಮಾರಾಯ? ಕೇಳಿದ ಕೂಡಲೆ ತಲೆ ಬದಿಗೆ ತೆಗೆದೆ. ಕಲ್ಲು ಕಿವಿ ಸವರಿಕೊಂಡು ಹೋಯ್ತು." ಬಳಿಕ ಕೇಳಿದ: "ಹೇಳ್ಲಿಕ್ಕೆ ಇಷ್ಟು ವರ್ಷ ಎಂತಕ್ಕೆ?"

"ಹೆದರಿಕೆ ಆಯ್ತು."

ಬಂಕರಿನ ಮುಂದೆ ಹೆದರದವನು ಹಾಗೆಂದಾಗ ತಂಸೀರನಿಗೆ ನಗು ಬರಲಿಲ್ಲ. ಕಾಲು ಹೋದದ್ದಕ್ಕೆ ಸಿಟ್ಟಿರಲಿಲ್ಲ, ಗೆಳೆಯ ಮುಚ್ಚಿಟ್ಟದ್ದಕ್ಕೆ ಇತ್ತು ಎಂದು ನೇರವಾಗಿಯೇ ಹೇಳಿದ. ಆಮೇಲೆ ಚಾ ತರಿಸಿದ.

ಸನ್ಮಾನದ ದಿನ ಟೀಚರ್ ಪತ್ರ ಓದಿದರು. ಹರಿನಾಥ ಹೇಳಿ ತಿದ್ದಿಸಿದ್ದರಿಂದ ರಣಘೋಷ ಹೋಗಿತ್ತು, ಆಗಿದ್ದು ಆಗಿದ್ದಂತೆ ಇತ್ತು. ಶಾಲು ಹೊದ್ದ ಹರಿನಾಥ ತಲೆ ತಗ್ಗಿಸಿ ಕುಳಿತಿದ್ದ. 'ಬದಿಗೆ ಹೋಗಿ, ಬೀಳ್ತದೆ' ಎಂದು ಓದಿದಾಗ ಅವನು ಕಣ್ಣೆತ್ತಿ ನೋಡಿದ. ಮುಂದಿನ ಸಾಲಿನಲ್ಲಿ ಕೂತ ತಂಸೀರ್ ತಲೆಯನ್ನು ಮೆಲ್ಲನೆ ಬದಿಗೆ ವಾಲಿಸಿದ.