ಹಕಾರವಿಲ್ಲದ ಜರ್ಮನ್

ಬೆಸಗರಹಳ್ಳಿಯ ಶೋಭಿತಾ ಮಂಡ್ಯದ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸು. ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಹಿಡಿಯಬೇಕೆಂದು ಡ್ಯೂಟಿ ಮುಗಿದ ಮೇಲೆ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದಳು. ಬರೆಯುವುದರಲ್ಲಿ ಅವಳೇ ಮುಂದು. ಬಾಯಿ ಬಿಟ್ಟರೆ ಮಾತ್ರ ಎಡವಟ್ಟು.

ಒಂದು ದಿನ 'ನಮ್ಮ ಮನೆಯಲ್ಲಿ ನಾಯಿ ಇದೆ' ಎಂದು ಹೇಳಲು ಹೋದಳು. ಜರ್ಮನ್‌ನಲ್ಲಿ ನಾಯಿಗೆ 'ಹುಂಟ್'. ಊರಿನ ನಾಲಿಗೆ ಹಕಾರ ನುಂಗಿ 'ಉಂಟ್' ಅಂದಿತು. ಅದರರ್ಥ 'ಮತ್ತು'.

"ಓಹೋ, ಮನೆಯಲ್ಲಿ 'ಮತ್ತು' ಸಾಕಿದ್ದೀರಾ? ಏನು ತಿನ್ನುತ್ತಮ್ಮ ಅದು?" ಎಂದರು ಮೇಷ್ಟ್ರು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಸರದಿ ಬಂದರೆ ಸಾಕು, ಶೋಭಿತಾ ಉತ್ತರವನ್ನು ಬರೆದು ತೋರಿಸಿ ಕೂತುಬಿಡುತ್ತಿದ್ದಳು.

ನಗದೆ ಕೂತಿದ್ದವಳು ಮಳವಳ್ಳಿಯ ಚಂದನ ಒಬ್ಬಳೇ. ಸಂಜೆ ವಾಟ್ಸಾಪಿನಲ್ಲಿ ಅವಳ ಮೆಸೇಜು ಬಂತು, ಜರ್ಮನ್‌ನಲ್ಲೇ: 'ನಿಮ್ಮ ನಾಯಿಯ ಹೆಸರೇನು?' ಶೋಭಿತಾ ಟೈಪ್ ಮಾಡಿ ಉತ್ತರಿಸಿದಳು. ಮಾತುಕತೆ ದಿನವೂ ಹಾಗೇ ಬೆಳೆಯಿತು. ಕೆಲವು ವಾರ ಕಳೆದ ಮೇಲೆ ಚಂದನ ವಾಯ್ಸ್ ಮೆಸೇಜು ಕಳಿಸಿ, ಕೊನೆಗೆ ಕನ್ನಡದಲ್ಲಿ ಸೇರಿಸಿದಳು: "ನೀನೂ ಮಾತಾಡೇ. ಇಲ್ಲಿ ಯಾವ ಮೇಷ್ಟ್ರೂ ಇಲ್ಲ ಕಣೇ."

ಶೋಭಿತಾ ಕೊಟ್ಟಿಗೆಗೆ ಹೋಗಿ ರೆಕಾರ್ಡ್ ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು. ಎದುರಿಗೆ ಯಾರ ಮುಖವೂ ಇಲ್ಲದ್ದೇ ಧೈರ್ಯವಾಯಿತು. ಬರಬರುತ್ತ ಅಳಿಸುವುದನ್ನೇ ಬಿಟ್ಟಳು. ತಪ್ಪಿದ್ದನ್ನೂ ಹಾಗೇ ಕಳಿಸಿದಳು. ಚಂದನಳಿಗೆ ಅರ್ಥವಾಗುತ್ತಿತ್ತು, ಉತ್ತರ ಬರುತ್ತಿತ್ತು.

"ಯಾರ ಮ್ಯಾಲೆ ರೇಗ್ತಾ ಇದ್ದೀಯವ್ವ?" ಹುಲ್ಲಿನ ಹೊರೆ ಇಳಿಸುತ್ತ ತಾಯಿ ಮಾಯಮ್ಮ ಕೇಳಿದಳು.

"ರೇಗ್ತಾ ಇಲ್ಲ ಕಣವ್ವ. ಜರ್ಮನ್ನೇ ಅಂಗೆ."

"ಅಂಗಾದ್ರೆ ಇನ್ನೂ ಗಟ್ಟಿಯಾಗಿ ಮಾತಾಡು. ಎಮ್ಮೆ ಏನೂ ಅನ್ಕೊಳಲ್ಲ."

ಮಾತಿನ ಪರೀಕ್ಷೆಗೆ ಹೆಸರು ಕೊಡುವ ದಿನ ಮೇಷ್ಟ್ರು ಶೋಭಿತಾಳನ್ನು ಬಿಟ್ಟು ಮುಂದಿನವರನ್ನು ಕರೆದರು. "ನಿಮ್ಮದು ಮುಂದಿನ ಸಲ ನೋಡೋಣ. ಮೊದಲು ಆ ಹಳ್ಳಿ ನಾಲಿಗೆ ತಿದ್ದಿಕೊಳ್ಳಿ."

ಶೋಭಿತಾ ಎದ್ದು ನಿಂತಳು. ಜರ್ಮನ್‌ನಲ್ಲಿ ಶುರು ಹಚ್ಚಿಕೊಂಡಳು: ತನ್ನ ಊರು, ತನ್ನ ವಾರ್ಡು, ಇಂಜೆಕ್ಷನ್‌ಗೆ ಹೆದರುವ ಅಜ್ಜಿಯರಿಗೆ ತಾನು ಹೇಳುವ ಸಮಾಧಾನ. ನಡುವೆ ಹಕಾರ ಬಿದ್ದುಹೋಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ.

ಮೇಷ್ಟ್ರು ಸಾಕೆಂದು ಕೈ ಎತ್ತಿದರು.

"ಇನ್ನೂ ಮುಗ್ದಿಲ್ಲ ಸಾ," ಎಂದಳು ಕನ್ನಡದಲ್ಲಿ. ಉಳಿದದ್ದನ್ನು ಜರ್ಮನ್‌ನಲ್ಲೇ ಹೇಳಿ ಮುಗಿಸಿ, ಮತ್ತೆ ಕನ್ನಡಕ್ಕೆ ತಿರುಗಿದಳು. "ನಗೋರು ನಗ್ಲಿ ಬುಡಿ. ನಾನ್ ಏಳಿದ್ದು ನಿಮ್ಗೆ ಅರ್ಥ ಆಯ್ತೋ ಇಲ್ವೋ?"

"ಆಯ್ತು," ಎಂದರು ಮೇಷ್ಟ್ರು ಮೆಲ್ಲಗೆ.

"ಅಂಗಾದ್ರೆ ನನ್ನೆಸ್ರು ಈ ಸಲಕ್ಕೇ ಬರ್ಕೊಳಿ."

ಅವರು ಬರೆದುಕೊಳ್ಳುವವರೆಗೂ ಅವಳು ಕೂರಲಿಲ್ಲ.